ಆಕಾಶಗಂಗೆಯ ಆ ಫೋಟೊ ತೆಗೆದವರು ಯಾರು?

ಪ್ರಶ್ನೆ: ಮೊಬೈಲಿನಲ್ಲಿ, ಮಕ್ಕಳ ಪುಸ್ತಕದಲ್ಲಿ ನಮ್ಮ ಆಕಾಶಗಂಗೆಯ ಸುರುಳಿ ಚಿತ್ರ ನೋಡುತ್ತಿರುತ್ತೇವೆ. ‘ನಾವು ಇಲ್ಲಿದ್ದೇವೆ’ ಅಂತ ಒಂದು ಬಾಣವೂ ಇರುತ್ತದೆ. ನಾವು ಅದರ ಒಳಗೇ ಇದ್ದೇವೆ ಅಂದಮೇಲೆ ಹೊರಗೆ ಹೋಗಿ ಆ ಫೋಟೊ ತೆಗೆದವರು ಯಾರು? ಅದು ತಿರುಗುತ್ತಿದೆ ಅಂತ ಹೇಗೆ ಗೊತ್ತಾಯಿತು? ನಮ್ಮಂಥವರು ಇದನ್ನು ಸ್ವತಃ ಅಳೆದು ನೋಡಬಹುದೇ?
– ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು

ಉತ್ತರ: ಫೋಟೊ ಯಾರೂ ತೆಗೆದಿಲ್ಲ. ತೆಗೆಯಲು ಸಾಧ್ಯವೂ ಇಲ್ಲ. ಮನುಷ್ಯ ಕಳಿಸಿದ ನೌಕೆಗಳಲ್ಲಿ ಅತಿ ದೂರ ಹೋಗಿರುವುದು ವಾಯೇಜರ್ 1. ಅದು ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರಕ್ಕೆ ಒಂದು ಜ್ಯೋತಿರ್ವರ್ಷ ಅನ್ನುತ್ತೇವಲ್ಲ, ಅಷ್ಟು ದೂರ ಹೋಗಲು ವಾಯೇಜರಿಗೆ ಸುಮಾರು 17,600 ವರ್ಷ ಬೇಕು. ನಮ್ಮ ಗ್ಯಾಲಕ್ಸಿಯ ಪೂರ್ತಿ ತಟ್ಟೆ ಒಂದೇ ನೋಟಕ್ಕೆ ಸಿಗಬೇಕಾದರೆ ಹತ್ತಾರು ಸಾವಿರ ಜ್ಯೋತಿರ್ವರ್ಷ ಮೇಲೆ ಏರಬೇಕು. ಇದೇ ವೇಗದಲ್ಲಿ 30 ಸಾವಿರ ಜ್ಯೋತಿರ್ವರ್ಷ ಏರಲು 50 ಕೋಟಿ ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ.

ನೀವು ನೋಡಿರುವುದು ಹೆಚ್ಚಾಗಿ 2008ರಲ್ಲಿ ನಾಸಾದ ಸ್ಪಿಟ್ಜರ್ ಟೆಲಿಸ್ಕೋಪ್ ತಂಡಕ್ಕಾಗಿ ರಾಬರ್ಟ್ ಹರ್ಟ್ ಬಿಡಿಸಿದ ಚಿತ್ರ, ಇಲ್ಲವೇ ಅದರ ನಕಲು. ಹಾಗಂತ ಅದನ್ನು ಸುಮ್ನೆ ಕಲ್ಪನೆ ಅಂದುಕೊಳ್ಳಬೇಡಿ. ಸರ್ವೆ ಮಾಡುವವರು ಹೊಲಕ್ಕೆ ಸರಪಳಿ ಹಿಡಿದು ನಕ್ಷೆ ಬರೆಯುತ್ತಾರಲ್ಲ, ಅಂಥ ನಕ್ಷೆ ಅದು. ಅದರ ಕೆಲವು ಮೂಲೆಗಳನ್ನು ಇನ್ನೂ ಅಳೆದಿಲ್ಲ. ಅಲ್ಲಿ ಮಾತ್ರ ಚಿತ್ರಕಾರರು ಅಂದಾಜಿನಲ್ಲಿ ಗೆರೆ ಎಳೆದಿದ್ದಾರೆ. ಎಲ್ಲಿ ಅಳತೆ, ಎಲ್ಲಿ ಅಂದಾಜು ಅನ್ನುವುದು ತಿಳಿದರೆ ಆ ಚಿತ್ರ ಫೋಟೊಗಿಂತ ಚೆಂದ ಕಾಣುತ್ತದೆ ಅನ್ನುವುದು ನನ್ನ ಅನಿಸಿಕೆ.

ಅಳೆಯುವುದರ ಕಷ್ಟ ನಿಮಗೆ ಬೇಗ ಅರ್ಥವಾಗುತ್ತದೆ. ಬೆಳಗಿನ ಜಾವ ದಟ್ಟ ಮಂಜು ಬಿದ್ದಿದೆ. ದೊಡ್ಡ ಅಡಿಕೆ ತೋಟದ ಒಳಗೆ ಒಂದೇ ಮರದ ಬುಡದಲ್ಲಿ ನಿಂತಿದ್ದೀರಿ. ಅಲ್ಲಿಂದ ಕದಲುವ ಹಾಗಿಲ್ಲ. ತೋಟ ಎಷ್ಟು ದೊಡ್ಡದು, ಸಾಲುಗಳು ನೇರ ಇವೆಯೋ ಬಾಗಿವೆಯೋ ಹೇಳಿ ಅಂದರೆ ಏನು ಹೇಳುತ್ತೀರಿ? ಸುತ್ತಲೂ ಒಂದೇ ಥರ ಮರ ಕಾಣುತ್ತವೆ. ಆದ್ದರಿಂದ ‘ನಾನು ತೋಟದ ನಟ್ಟನಡುವೆ ಇದ್ದೇನೆ’ ಅನ್ನಿಸುತ್ತದೆ.

ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಅವರಿಗೆ ಆಗಿದ್ದೂ ಅದೇ. ಅವರು ಆಕಾಶದ ನೂರಾರು ಭಾಗಗಳಲ್ಲಿ ನಕ್ಷತ್ರಗಳನ್ನು ಒಂದೊಂದಾಗಿ ಎಣಿಸಿ 1785ರಲ್ಲಿ ಆಕಾಶಗಂಗೆಯ ಮೊದಲ ನಕ್ಷೆ ಬರೆದರು. ಅದರಲ್ಲಿ ಸೂರ್ಯ ಹೆಚ್ಚುಕಡಿಮೆ ನಡುವೆಯೇ ಇದ್ದ. ತಾರೆಗಳ ನಡುವೆ ಧೂಳು ತುಂಬಿರಬಹುದು ಅನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ಆ ಧೂಳು ಇದೆ ಅಂತ ಗಟ್ಟಿ ಪುರಾವೆ ಸಿಕ್ಕಿದ್ದು 1930ರಲ್ಲಿ, ರಾಬರ್ಟ್ ಟ್ರಂಪ್ಲರ್ ಅವರಿಂದ. ಆ ಧೂಳು ಎಷ್ಟು ದಟ್ಟ ಅಂದರೆ, ಗ್ಯಾಲಕ್ಸಿಯ ಕೇಂದ್ರದಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ನಮ್ಮವರೆಗೆ ತಲುಪುತ್ತದೆ.

ಈ ಮಂಜಿನಿಂದ ತಪ್ಪಿಸಿಕೊಳ್ಳುವ ಮೊದಲ ದಾರಿ ಹಾರ್ಲೊ ಶಾಪ್ಲಿ ಅವರಿಗೆ ಹೊಳೆಯಿತು. ತೋಟದ ಮಂಜಿನ ಮೇಲೆ ಸುತ್ತಲಿನ ಗುಡ್ಡಗಳ ತುದಿ ಕಾಣುತ್ತದೆ, ಅಲ್ವಾ? ಹಾಗೆಯೇ ಗ್ಯಾಲಕ್ಸಿಯ ತಟ್ಟೆಯ ಮೇಲೆ ಕೆಳಗೆ ಉಂಡೆಯಾಕಾರದ ನಕ್ಷತ್ರಗುಚ್ಛಗಳಿವೆ. ಅವು ಆಕಾಶದ ತುಂಬ ಸಮನಾಗಿ ಹರಡಿರಬೇಕಿತ್ತು. ಆದರೆ ಹೆಚ್ಚಿನವು ಧನು ರಾಶಿಯ ಕಡೆಗೇ ಗುಂಪುಗಟ್ಟಿದ್ದವು. ಹಾಗಾದರೆ ನಡುಮಧ್ಯ ಅಲ್ಲಿದೆ, ನಾವು ಪಕ್ಕದಲ್ಲೆಲ್ಲೋ ಇದ್ದೇವೆ ಅಂತ 1918ರಲ್ಲಿ ಅವರು ಹೇಳಿದರು. ದೂರದ ಲೆಕ್ಕದಲ್ಲಿ ಅವರು ಎರಡು ಪಟ್ಟಿಗಿಂತ ಜಾಸ್ತಿ ತಪ್ಪಿದರು. ದಿಕ್ಕು ಮಾತ್ರ ಸರಿಯಿತ್ತು. ನಮ್ಮ ಮೂಲಾ ನಕ್ಷತ್ರದ ಹತ್ತಿರವೇ ಆ ಕೇಂದ್ರ ಇದೆ. ಹೆಸರು ಹೊಂದಿಕೊಂಡಿರುವುದು ಕಾಕತಾಳೀಯವೇ ಇರಬೇಕು, ಆದರೂ ಮಕ್ಕಳಿಗೆ ಆಕಾಶ ತೋರಿಸುವಾಗ ನೆನಪಿಡಲು ಸುಲಭ.

ಇನ್ನು ತಿರುಗಾಟದ ವಿಷಯ. ನಮ್ಮ ಬಯಲುಸೀಮೆಯ ಕಡೆ ಹಿಂದೆ ಕಣದಲ್ಲಿ ಹಂತಿ ಕಟ್ಟುತ್ತಿದ್ದರು. ನಡುವೆ ಮೇಟಿ ಕಂಬ. ಅದಕ್ಕೆ ನಾಲ್ಕೈದು ಎತ್ತುಗಳನ್ನು ಕೊರಳಿಗೆ ಕೊರಳು ಸೇರಿಸಿ ಕಟ್ಟಿ ತೆನೆಯ ಮೇಲೆ ಸುತ್ತಿಸುವುದು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ. ಹೊರಗಿನ ಎತ್ತು ಬಿರಬಿರನೆ ನಡೆಯಬೇಕು. ಆದರೂ ಸುತ್ತು ಮುಗಿಯುವುದು ಎಲ್ಲಕ್ಕೂ ಒಟ್ಟಿಗೇ.

ಈಗ ಹಗ್ಗ ಬಿಚ್ಚಿ. ಎಲ್ಲ ಎತ್ತುಗಳೂ ಒಂದೇ ವೇಗದಲ್ಲಿ ನಡೆಯಲಿ. ಒಳಗಿನದರ ಸುತ್ತು ಚಿಕ್ಕದು, ಬೇಗ ಮುಗಿಸಿ ಮುಂದೆ ಹೋಗುತ್ತದೆ. ಹೊರಗಿನದು ಹಿಂದೆ ಬೀಳುತ್ತದೆ. ನಡುವಿನ ಎತ್ತಿನ ಬೆನ್ನ ಮೇಲೆ ಕೂತು ನೋಡಿದರೆ ಒಳಗಿನವರು ನಮ್ಮನ್ನು ದಾಟಿ ಹೋಗುತ್ತಿದ್ದಾರೆ, ಹೊರಗಿನವರು ಹಿಂದೆ ಉಳಿಯುತ್ತಿದ್ದಾರೆ. ಗ್ಯಾಲಕ್ಸಿ ತಿರುಗುವುದು ಹೀಗೆ, ಹಗ್ಗ ಬಿಚ್ಚಿದ ಹಂತಿಯ ಹಾಗೆ. ಸ್ವೀಡನ್ನಿನ ಬರ್ಟಿಲ್ ಲಿಂಡ್‌ಬ್ಲಾಡ್ ಈ ಯೋಚನೆ ಮುಂದಿಟ್ಟರು. ನೆದರ್‌ಲ್ಯಾಂಡ್ಸಿನ ಯಾನ್ ಓರ್ಟ್ 1927ರಲ್ಲಿ ಅದನ್ನು ನಕ್ಷತ್ರಗಳಲ್ಲೇ ತೋರಿಸಿದರು. ನಮ್ಮ ಸುತ್ತಲಿನ ತಾರೆಗಳು ಒಂದು ದಿಕ್ಕಿನಲ್ಲಿ ನಮ್ಮಿಂದ ದೂರ ಸರಿಯುತ್ತವೆ, ಇನ್ನೊಂದು ದಿಕ್ಕಿನಲ್ಲಿ ಹತ್ತಿರ ಬರುತ್ತವೆ. ಆಕಾಶದ ಒಂದು ಸುತ್ತಿನಲ್ಲಿ ಈ ಏರಿಳಿತ ಎರಡು ಸಲ ಬರುತ್ತದೆ. ಹಗ್ಗ ಬಿಚ್ಚಿದ ಹಂತಿಯಲ್ಲೂ ಲೆಕ್ಕ ಹಾಕಿದರೆ ಅದೇ ಬರುತ್ತದೆ.

ಆದರೆ ಓರ್ಟ್ ಅವರಿಗೆ ಹತ್ತಿರದ ತಾರೆಗಳಷ್ಟೇ ಸಿಕ್ಕಿದ್ದವು. ಮಂಜಿನ ಆಚೆ ನೋಡಲು ಬೇರೆ ಥರದ ಬೆಳಕು ಬೇಕಿತ್ತು. ಯುದ್ಧದ ನಡುವೆ, ಜರ್ಮನ್ ಸೇನೆ ನೆದರ್‌ಲ್ಯಾಂಡ್ಸನ್ನು ಹಿಡಿದಿಟ್ಟಿದ್ದ 1944ರಲ್ಲಿ, ಓರ್ಟ್ ಅವರ ಪ್ರೋತ್ಸಾಹದಿಂದ ಹೆಂಡ್ರಿಕ್ ವಾನ್ ಡೆ ಹುಲ್ಸ್ಟ್ ಎಂಬ ವಿದ್ಯಾರ್ಥಿ ಒಂದು ಲೆಕ್ಕ ಮಾಡಿದರು. ಗ್ಯಾಲಕ್ಸಿಯ ತುಂಬ ಇರುವ ತಣ್ಣನೆಯ ಹೈಡ್ರೋಜನ್ ಅನಿಲ 21 ಸೆಂ.ಮೀ. ಉದ್ದದ ರೇಡಿಯೊ ಅಲೆ ಹೊರಸೂಸಬೇಕು ಅಂತ. ಈ ಅಲೆಗೆ ಧೂಳು ಅಡ್ಡವೇ ಅಲ್ಲ.

ಅದು ಮೊದಲು ಕೇಳಿಸಿದ್ದು 1951ರ ಮಾರ್ಚ್ 25ರಂದು, ಅಮೆರಿಕದ ಹಾರ್ವರ್ಡಿನಲ್ಲಿ. ಹೆರಾಲ್ಡ್ ಎವೆನ್ ಆಗ ಸಂಶೋಧನಾ ವಿದ್ಯಾರ್ಥಿ, ಎಡ್ವರ್ಡ್ ಪರ್ಸೆಲ್ ಅವರ ಗುರು. ಪ್ಲೈವುಡ್ಡಿಗೆ ತಾಮ್ರದ ಹಾಳೆ ಹೊದಿಸಿ ಒಂದು ದೊಡ್ಡ ಕೊಂಬಿನ ಆಕಾರದ ಆಂಟೆನಾ ಮಾಡಿದ್ದರು. ಅದನ್ನು ಪ್ರಯೋಗಾಲಯದ ಕಿಟಕಿಯಿಂದ ಹೊರಕ್ಕೆ ಬಾಯಿ ಮಾಡಿ ಇಟ್ಟಿದ್ದರು. ಮಳೆ ಬಂದರೆ ಅದೇ ಲಾಳಿಕೆಯಾಗಿ ನೀರೆಲ್ಲ ಕೋಣೆಗೆ ಬರುತ್ತಿತ್ತು. ಚಳಿಗಾಲದಲ್ಲಿ ಹುಡುಗರು ಅದರೊಳಗೆ ಹಿಮದ ಉಂಡೆ ಎಸೆಯುತ್ತಿದ್ದರು. ಅಂಥ ಆಂಟೆನಾಕ್ಕೆ ಆಕಾಶಗಂಗೆ ಕೇಳಿಸಿತು. ಕೆಲವೇ ವಾರಗಳಲ್ಲಿ ಓರ್ಟ್ ಮತ್ತು ಮುಲ್ಲರ್ ಕೂಡ ಅದನ್ನು ಹಿಡಿದರು. ಅವರ ಕೈಯಲ್ಲಿದ್ದದ್ದು ಜರ್ಮನ್ ಸೇನೆ ಬಿಟ್ಟುಹೋಗಿದ್ದ 7.5 ಮೀಟರ್ ಅಗಲದ ರೇಡಾರ್ ತಟ್ಟೆ. ಆಸ್ಟ್ರೇಲಿಯಾದವರೂ ಹಿಂದೆಯೇ ಖಚಿತಪಡಿಸಿದರು.

ಈ ಅಲೆ ಕೇಳಿಸಿದರೆ ನಕ್ಷೆ ಹೇಗಾಗುತ್ತದೆ? ಇಲ್ಲಿ ಸ್ವಲ್ಪ ನಿಧಾನಿಸೋಣ. ಲೆಕ್ಕ ಹೈಸ್ಕೂಲಿನದ್ದೇ.

ಅನಿಲ ನಮ್ಮಿಂದ ದೂರ ಸರಿಯುತ್ತಿದ್ದರೆ ಅಲೆ ಸ್ವಲ್ಪ ಹಿಗ್ಗುತ್ತದೆ, ಹತ್ತಿರ ಬರುತ್ತಿದ್ದರೆ ಕುಗ್ಗುತ್ತದೆ. ರೈಲಿನ ಸೀಟಿ ನಮ್ಮನ್ನು ದಾಟಿದ ಕೂಡಲೇ ದನಿ ಇಳಿಯುತ್ತದಲ್ಲ, ಅದೇ ಸಂಗತಿ. ಈಗ ಗ್ಯಾಲಕ್ಸಿಯ ಕೇಂದ್ರದಿಂದ ಎಡಕ್ಕೆ 30 ಡಿಗ್ರಿ ಸರಿದು, ಹಾಲುಹಾದಿಯ ಗುಂಟ ಗರುಡ ರಾಶಿಯ ಪಕ್ಕದ ಒಂದು ಜಾಗಕ್ಕೆ ಆಂಟೆನಾ ತಿರುಗಿಸಿ. ಆ ನೇರದಲ್ಲಿ ಹತ್ತಾರು ಸಾವಿರ ಜ್ಯೋತಿರ್ವರ್ಷದ ಉದ್ದಕ್ಕೂ ಅನಿಲ ಇದೆ. ಒಂದೊಂದು ದೂರದಲ್ಲಿ ಒಂದೊಂದು ವೇಗ. ಆ ಗೆರೆ ಕೇಂದ್ರಕ್ಕೆ ಅತಿ ಹತ್ತಿರ ಹಾಯುವ ಜಾಗ ಒಂದಿದೆ. ಅಲ್ಲಿನ ಅನಿಲ ನಮಗೆ ನೇರ ಬೆನ್ನು ಹಾಕಿ ಓಡುತ್ತಿರುತ್ತದೆ. ಆದ್ದರಿಂದ ಅಲ್ಲಿ ಸಿಗುವ ವೇಗವೇ ಎಲ್ಲಕ್ಕಿಂತ ಜಾಸ್ತಿ. ಸೈನ್ 30 ಅಂದರೆ ಅರ್ಧ. ಹಾಗಾಗಿ ಆ ಜಾಗ ಕೇಂದ್ರದಿಂದ ನಮ್ಮ ದೂರದ ಅರ್ಧದಲ್ಲಿದೆ, ಅಂದರೆ ಸುಮಾರು 13,300 ಜ್ಯೋತಿರ್ವರ್ಷದಲ್ಲಿ.

ಅಳೆದು ನೋಡಿದರೆ ಅಲ್ಲಿನ ವೇಗ ಸೆಕೆಂಡಿಗೆ ಸುಮಾರು 110 ಕಿ.ಮೀ. ಬರುತ್ತದೆ. 1420.4 ಮೆಗಾಹರ್ಟ್ಜಿನಲ್ಲಿ ಕೇಳಬೇಕಾದ ದನಿ 1419.9ರ ಹತ್ತಿರ ಕೇಳುತ್ತದೆ. ಆದರೆ ನಾವೂ ಸುಮ್ನೆ ನಿಂತಿಲ್ಲ. ನಮ್ಮ ವೇಗ 236. ಅದರಲ್ಲಿ ಆ ದಿಕ್ಕಿಗೆ ಸಲ್ಲುವ ಪಾಲು ಅರ್ಧ, 118. ಎರಡನ್ನೂ ಕೂಡಿಸಿ: 228. ಕೇಂದ್ರಕ್ಕೆ ನಮಗಿಂತ ಎರಡು ಪಟ್ಟು ಹತ್ತಿರ ಇರುವ ಅನಿಲ ಸೆಕೆಂಡಿಗೆ 228 ಕಿ.ಮೀ., ನಾವು 236. ಹೆಚ್ಚುಕಡಿಮೆ ಒಂದೇ! ಹಗ್ಗ ಬಿಚ್ಚಿದ ಎತ್ತುಗಳೆಲ್ಲ ಒಂದೇ ವೇಗದಲ್ಲಿ ನಡೆಯಲಿ ಅಂತ ಆಗ ಹೇಳಿದ್ದು ಇದಕ್ಕೇ. ಈ ಒಂದು ಅಳತೆಯಲ್ಲೇ ಅದು ಕಂಡುಬಿಡುತ್ತದೆ. ನನಗಂತೂ ಎಷ್ಟು ಸಲ ಮಾಡಿದರೂ ಈ ಲೆಕ್ಕ ಬೇಸರ ತರುವುದಿಲ್ಲ.

ಇದು ಸಣ್ಣ ಸಂಗತಿ ಅಲ್ಲ. ಸೌರವ್ಯೂಹದಲ್ಲಿ ತೂಕವೆಲ್ಲ ನಡುವಿನ ಸೂರ್ಯನಲ್ಲಿದೆ. ಅದಕ್ಕೇ ಭೂಮಿಯ ವೇಗ ಸೆಕೆಂಡಿಗೆ 30 ಕಿ.ಮೀ. ಇದ್ದರೆ ದೂರದ ನೆಪ್ಚೂನಿನದ್ದು 5.4 ಮಾತ್ರ. ಗ್ಯಾಲಕ್ಸಿಯಲ್ಲಿ ಹೊರಗೆ ಹೋದಷ್ಟೂ ವೇಗ ಹೀಗೆ ಬೀಳುವುದಿಲ್ಲ. ಕಾಣುವ ನಕ್ಷತ್ರ, ಅನಿಲ ಎಲ್ಲ ಕೂಡಿಸಿದರೂ ಅಷ್ಟು ವೇಗದ ಅನಿಲವನ್ನು ಹಿಡಿದಿಡುವ ಸೆಳೆತ ಸಾಲದು. ನೆರೆಯ ಆಂಡ್ರೊಮಿಡಾದಲ್ಲೂ ಇದೇ ಕಥೆ ಅಂತ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ತೋರಿಸಿದರು. ಕಾಣದ ದ್ರವ್ಯ ಏನೋ ಇದೆ ಅನ್ನುವ ಮಾತಿಗೆ ಬಲ ಬಂದಿದ್ದು ಇಂಥ ಅಳತೆಗಳಿಂದ.

ಮತ್ತೆ ನಕ್ಷೆಗೆ ಬರೋಣ. ಈ ವಿಧಾನದಲ್ಲಿ ಒಂದು ತೊಡಕಿದೆ. ಅದೇ ಗೆರೆಯಲ್ಲಿ ಕೇಂದ್ರಕ್ಕೆ ಅತಿ ಹತ್ತಿರದ ಆ ಬಿಂದುವಿನ ಈಚೆ ಒಂದು ಜಾಗ, ಆಚೆ ಒಂದು ಜಾಗ, ಎರಡರಲ್ಲೂ ಒಂದೇ ವೇಗ ಬರುತ್ತದೆ. ಬಂದ ದನಿ ಈಚೆಯದ್ದೋ ಆಚೆಯದ್ದೋ? ಇದನ್ನು ಬಿಡಿಸಲು ಒಂದು ಉಪಾಯ: ಹಿಂದೆ ಒಂದು ಬಲವಾದ ರೇಡಿಯೊ ಆಕರ ಇದ್ದರೆ, ಅದಕ್ಕೂ ನಮಗೂ ನಡುವಿನ ತಣ್ಣನೆಯ ಹೈಡ್ರೋಜನ್ ಅದರ ಅಲೆಯನ್ನು ಸ್ವಲ್ಪ ನುಂಗುತ್ತದೆ. ಯಾವ ಯಾವ ವೇಗದಲ್ಲಿ ನುಂಗಿದೆ ನೋಡಿ ಆ ಆಕರ ಈಚೆಯೋ ಆಚೆಯೋ ಹೇಳಬಹುದು. ಈ ಬಗೆಯ ಸಮೀಕ್ಷೆಯನ್ನು ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿದವರು ವಿ. ರಾಧಾಕೃಷ್ಣನ್. ಸರ್ ಸಿ.ವಿ. ರಾಮನ್ ಅವರ ಮಗ. ಅದು ಪ್ರಕಟವಾದ 1972ರಲ್ಲೇ ಅವರು ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಓರ್ಟ್ ಮತ್ತು ಗೆಳೆಯರು 1958ರಲ್ಲಿ ಹೈಡ್ರೋಜನ್ನಿನ ಮೊದಲ ದೊಡ್ಡ ನಕ್ಷೆ ಪ್ರಕಟಿಸಿದರು. ಅದರಲ್ಲಿ ಸುರುಳಿಯ ಬಾಗಿದ ತೋಳುಗಳ ತುಂಡುಗಳು ಕಾಣುತ್ತಿದ್ದವು. ಅದಕ್ಕೂ ಮೊದಲೇ 1951ರ ಡಿಸೆಂಬರಿನಲ್ಲಿ ವಿಲಿಯಂ ಮಾರ್ಗನ್ ಬಿಸಿ ನೀಲಿ ತಾರೆಗಳನ್ನು ಗುರುತಿಸಿ ನಮ್ಮ ನೆರೆಹೊರೆಯ ತೋಳುಗಳನ್ನು ತೋರಿಸಿದ್ದರು. ಸಭೆಯಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಖಗೋಳಶಾಸ್ತ್ರದ ಸಭೆಗಳಲ್ಲಿ ಅದು ತೀರ ಅಪರೂಪ.

ಆದರೂ ವೇಗದಿಂದ ದೂರ ಕಂಡುಹಿಡಿಯುವ ನಕ್ಷೆಗೆ ಒಂದು ದೌರ್ಬಲ್ಯ ಇದ್ದೇ ಇದೆ. ಅನಿಲವೆಲ್ಲ ಸರಿಯಾದ ವೃತ್ತದಲ್ಲಿ ಸುತ್ತುತ್ತದೆ ಅಂತ ನಂಬಿದರೆ ಮಾತ್ರ ಲೆಕ್ಕ ಸರಿ. ನಿಜದಲ್ಲಿ ಅನಿಲ ಸೆಕೆಂಡಿಗೆ ಹತ್ತು ಕಿ.ಮೀ. ಆ ಕಡೆ ಈ ಕಡೆ ಓಲಾಡಿದರೂ ನಕ್ಷೆಯಲ್ಲಿ ಅದು ಸಾವಿರಾರು ಜ್ಯೋತಿರ್ವರ್ಷ ತಪ್ಪು ಜಾಗಕ್ಕೆ ಹೋಗಿ ಕೂರಬಹುದು. ನೇರವಾಗಿ ದೂರ ಅಳೆಯುವ ದಾರಿ ಬೇಕಿತ್ತು.

ಆ ದಾರಿ ನಿಮ್ಮ ತೋಟದಲ್ಲೇ ಇದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹತ್ತಿರದ ಮರ ಹಿಂದಿನ ಮರಗಳ ಮುಂದೆ ಜರುಗಿದಂತೆ ಕಾಣುತ್ತದೆ. ಜಾಸ್ತಿ ಜರುಗಿದರೆ ಹತ್ತಿರ, ಕಡಿಮೆ ಜರುಗಿದರೆ ದೂರ. ನಾವು ಕದಲುವ ಹಾಗಿಲ್ಲ ಅಂದೆ, ಆದರೆ ಭೂಮಿ ನಮ್ಮನ್ನು ಕೂರಿಸಿಕೊಂಡು ಆರು ತಿಂಗಳಿಗೆ 30 ಕೋಟಿ ಕಿ.ಮೀ. ಪಕ್ಕಕ್ಕೆ ಕರೆದೊಯ್ಯುತ್ತದೆ. ಹೊಸ ತಾರೆಗಳು ಹುಟ್ಟುವ ಜಾಗಗಳಲ್ಲಿ ನೀರಿನ ಆವಿ, ಮೆಥನಾಲ್ ಅಣುಗಳು ಲೇಸರಿನ ಹಾಗೆ ಚೂಪಾದ ರೇಡಿಯೊ ಕಿರಣ ಬಿಡುತ್ತವೆ. ಇವಕ್ಕೆ ಮೇಸರ್ ಅಂತ ಹೆಸರು. ತೋಳುಗಳಲ್ಲೇ ತಾರೆ ಹುಟ್ಟುವುದರಿಂದ ಇವು ತೋಳಿನ ಮೇಲೆ ನೆಟ್ಟ ಗೂಟಗಳಿದ್ದ ಹಾಗೆ. ಹವಾಯಿಯಿಂದ ವರ್ಜಿನ್ ದ್ವೀಪದವರೆಗೆ ಹರಡಿರುವ, 25 ಮೀಟರ್ ಅಗಲದ 10 ತಟ್ಟೆಗಳನ್ನು ಒಂದೇ ಟೆಲಿಸ್ಕೋಪಿನಂತೆ ಬಳಸಿ ಈ ಗೂಟಗಳ ಜರುಗಾಟ ಅಳೆದರು. ಜಪಾನಿನ ನಾಲ್ಕು ತಟ್ಟೆಗಳೂ ಇದೇ ಕೆಲಸ ಮಾಡಿದವು.

ಎಷ್ಟು ನಾಜೂಕಿನ ಅಳತೆ ಗೊತ್ತೇ? 2017ರಲ್ಲಿ ಗ್ಯಾಲಕ್ಸಿಯ ಕೇಂದ್ರದ ಆಚೆಗಿನ ಒಂದು ಮೇಸರಿನ ದೂರ ಸಿಕ್ಕಿತು: ಸುಮಾರು 66 ಸಾವಿರ ಜ್ಯೋತಿರ್ವರ್ಷ. ಅಲ್ಲಿ ಅಳೆದ ಕೋನ, ಮಂಗಳೂರಿನಲ್ಲಿ ಹಿಡಿದ ಒಂದು ತಲೆಗೂದಲಿನ ದಪ್ಪ ಬೆಂಗಳೂರಿನಿಂದ ಎಷ್ಟು ಕಾಣಬೇಕೋ ಅಷ್ಟು! 2019ರ ಹೊತ್ತಿಗೆ ಸುಮಾರು 200 ಇಂಥ ಗೂಟಗಳ ಲೆಕ್ಕ ಕೂಡಿತು. ನಾನು ಮೇಲೆ ಬಳಸಿದ 236 ಕಿ.ಮೀ. ವೇಗ, ಕೇಂದ್ರಕ್ಕೆ ಸುಮಾರು 26,600 ಜ್ಯೋತಿರ್ವರ್ಷ ದೂರ, ಎರಡೂ ಆ ಲೆಕ್ಕದಿಂದ ಬಂದವು. ಕೇಂದ್ರದ ಕಪ್ಪುರಂಧ್ರವನ್ನು ಸುತ್ತುವ ತಾರೆಯೊಂದರಿಂದ ಬೇರೆಯವರು ಅಳೆದ ದೂರವೂ ಇದಕ್ಕೆ ಹೊಂದುತ್ತದೆ. ಈ ಲೆಕ್ಕದಲ್ಲಿ ಸೂರ್ಯ ಒಂದು ಸುತ್ತು ಮುಗಿಸಲು ಸುಮಾರು 21 ಕೋಟಿ ವರ್ಷ ಬೇಕು.

ನಾವು ತಿರುಗುತ್ತಿರುವುದನ್ನು ಕಣ್ಣಾರೆ ನೋಡಿದ ಹಾಗೆಯೂ ಅಳೆದಿದ್ದಾರೆ. ಬಸ್ಸಿನಲ್ಲಿ ಕೂತರೆ ಮರ ಹಿಂದೆ ಓಡುತ್ತದಲ್ಲ, ಹಾಗೆ ಗ್ಯಾಲಕ್ಸಿಯ ಕೇಂದ್ರ ತೀರ ದೂರದ ಗ್ಯಾಲಕ್ಸಿಗಳ ಉಜ್ವಲ ಕೇಂದ್ರಗಳಾದ ಕ್ವೇಸಾರ್‌ಗಳ ಮುಂದೆ ವರ್ಷ ವರ್ಷ ಹಿಂದೆ ಸರಿಯುತ್ತದೆ. ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯಲು ಸುಮಾರು 2.8 ಲಕ್ಷ ವರ್ಷ ಬೇಕಾಗುವಷ್ಟು ನಿಧಾನ. ಆದರೂ ರೇಡಿಯೊ ತಟ್ಟೆಗಳಿಗೆ ಅದು ಒಂದೇ ವರ್ಷದಲ್ಲಿ ಸ್ಪಷ್ಟವಾಗಿ ಸಿಗುತ್ತದೆ.

ತಾರೆಗಳ ಜಾಗ, ದೂರ ಅಳೆಯಲು ಯುರೋಪಿನವರು ಕಳಿಸಿದ ಗಾಯಾ ನೌಕೆಯ ಹೆಸರು ಕೇಳಿರುತ್ತೀರಿ. 2013ರ ಡಿಸೆಂಬರಿನಲ್ಲಿ ಹೋದದ್ದು 2025ರ ಜನವರಿಯವರೆಗೆ ಅಳೆಯಿತು. 180 ಕೋಟಿ ತಾರೆಗಳ ಪಟ್ಟಿ ಕೊಟ್ಟಿದೆ. ಆದರೆ ಅದು ನೋಡುವುದು ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಹಾಗಾಗಿ ಧೂಳಿನ ಆಚೆಗೆ ಅದಕ್ಕೂ ಕಷ್ಟ. ನಮ್ಮ ನೆರೆಹೊರೆಯ ನಕ್ಷೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಇಷ್ಟಾದ ಮೇಲೆ ಒಂದು ಪ್ರಶ್ನೆ ನಿಮಗೇ ಹೊಳೆದಿರಬೇಕು. ಹಗ್ಗ ಬಿಚ್ಚಿದ ಹಂತಿಯಲ್ಲಿ ಎತ್ತುಗಳ ಸಾಲು ಎರಡು ಸುತ್ತಿಗೇ ಬಾಗಿ ಸುರುಳಿಯಾಗುತ್ತದೆ. ಸೂರ್ಯನೇ ಹುಟ್ಟಿದಾಗಿನಿಂದ 20ಕ್ಕೂ ಹೆಚ್ಚು ಸುತ್ತು ಹಾಕಿದೆ. ಅಷ್ಟರಲ್ಲಿ ತೋಳುಗಳು ಹಗ್ಗದ ಸುರುಳಿಯಂತೆ ಬಿಗಿಯಾಗಿ ಸುತ್ತಿ ಅಳಿಸಿಹೋಗಬೇಕಿತ್ತು. ಯಾಕೆ ಹಾಗಾಗಿಲ್ಲ? ಸಿ.ಸಿ. ಲಿನ್ ಮತ್ತು ಫ್ರಾಂಕ್ ಶು 1964ರಲ್ಲಿ ಕೊಟ್ಟ ಉತ್ತರ ಇದು: ತೋಳು ಅಂದರೆ ಅದೇ ತಾರೆಗಳ ಸಾಲಲ್ಲ, ದಟ್ಟಣೆಯ ಅಲೆ. ಜಾತ್ರೆಯಲ್ಲಿ ಬಳೆ ಅಂಗಡಿಯ ಮುಂದೆ ಯಾವಾಗಲೂ ಜನ ಕಿಕ್ಕಿರಿದಿರುತ್ತಾರೆ. ಬೆಳಿಗ್ಗೆ ಇದ್ದವರು ಸಂಜೆ ಇರುವುದಿಲ್ಲ. ಗುಂಪು ಮಾತ್ರ ಅಲ್ಲೇ. ತಾರೆಗಳು, ಅನಿಲ ತೋಳಿನೊಳಗೆ ಬಂದು ಒತ್ತರಿಸಿ ಮುಂದೆ ಹೋಗುತ್ತವೆ. ಒತ್ತಿದಾಗ ಅನಿಲದಲ್ಲಿ ಹೊಸ ತಾರೆ ಹುಟ್ಟುತ್ತವೆ. ಅವುಗಳಲ್ಲಿ ದೊಡ್ಡ ನೀಲಿ ತಾರೆಗಳು ತೋಳು ಬಿಟ್ಟು ಹೊರಡುವ ಮೊದಲೇ ಸತ್ತುಹೋಗುತ್ತವೆ. ಅದಕ್ಕೇ ತೋಳು ಅಷ್ಟು ಹೊಳೆಯುತ್ತದೆ. ಈ ಅಲೆ ಬಹುಕಾಲ ಬಾಳುತ್ತದೆಯೋ, ಮತ್ತೆ ಮತ್ತೆ ಹುಟ್ಟಿ ಕರಗುತ್ತದೆಯೋ ಅನ್ನುವ ಚರ್ಚೆ ಈಗಲೂ ನಡೆದಿದೆ.

ಇದರಿಂದ ಇನ್ನೊಂದು ಗೊಂದಲವೂ ತಿಳಿಯಾಗುತ್ತದೆ. ಕೆಲವು ಕಡೆ ನಾಲ್ಕು ತೋಳು, ಕೆಲವು ಕಡೆ ಎರಡು ಅಂತ ಓದಿರಬಹುದು. ಅನಿಲ ಮತ್ತು ಎಳೆಯ ತಾರೆಗಳನ್ನು ಎಣಿಸಿದವರಿಗೆ ನಾಲ್ಕು ಸಿಕ್ಕವು. ಸ್ಪಿಟ್ಜರಿನಲ್ಲಿ ಹಳೆಯ ತಾರೆಗಳನ್ನು ಎಣಿಸಿದವರಿಗೆ ಎರಡೇ ಎದ್ದು ಕಂಡವು. ಹರ್ಟ್ ಅವರ ಚಿತ್ರದಲ್ಲಿ ಎರಡು ತೋಳು ದಪ್ಪ, ಎರಡು ತೆಳು ಇರುವುದು ಇದೇ ಕಾರಣಕ್ಕೆ.

ಆ ಚಿತ್ರ ಮತ್ತೆ ಸಿಕ್ಕಾಗ ಹೀಗೆ ನೋಡಿ. ಸೂರ್ಯನ ಸುತ್ತಲಿನ ಭಾಗ ಚೆನ್ನಾಗಿ ಅಳೆದದ್ದು. ನಾವಿರುವ ತುಂಡನ್ನು ಚಿಕ್ಕ ಕವಲು ಅಂತ ಚಿತ್ರಿಸಿರುತ್ತಾರೆ, ಈಚಿನ ಮೇಸರ್ ಅಳತೆ ಪ್ರಕಾರ ಅದು 20 ಸಾವಿರ ಜ್ಯೋತಿರ್ವರ್ಷಕ್ಕೂ ಉದ್ದ. ನಡುವಿನ ಉದ್ದನೆಯ ಪಟ್ಟಿ ಖಚಿತ. ಆದರೆ ಕೇಂದ್ರದ ಹಿಂದೆ, ನಮಗೆ ನೇರ ಎದುರು ಬದಿಯಲ್ಲಿ ಚೆಂದವಾಗಿ ಹರಿದಿರುವ ತೋಳುಗಳಲ್ಲಿ ಬಹುಪಾಲು ಅಂದಾಜು. ಅಲ್ಲಿ ನೆಟ್ಟ ಗೂಟಗಳು ಇನ್ನೂ ತೀರ ಕಡಿಮೆ.

ಕೊನೆಗೆ, ನೀವೇ ಅಳೆಯಬಹುದೇ? ಖಂಡಿತ. ಎವೆನ್ ಮಾಡಿದ್ದನ್ನೇ ಇವತ್ತು ಮನೆಯ ಅಂಗಳದಲ್ಲಿ ಮಾಡಬಹುದು. ರಟ್ಟಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಮುಕ್ಕಾಲು ಮೀಟರ್ ಬಾಯಿಯ ಕೊಂಬು ಮಾಡಿ. ಅದರ ಬುಡಕ್ಕೆ ಪೇಂಟ್ ತಿನ್ನರಿನ ಖಾಲಿ ತಗಡಿನ ಡಬ್ಬಿ. ಡಬ್ಬಿಯೊಳಗೆ ಸುಮಾರು 5 ಸೆಂ.ಮೀ. ಉದ್ದದ ತಾಮ್ರದ ತಂತಿ, ಅಂದರೆ 21 ಸೆಂ.ಮೀ.ನ ಕಾಲು ಭಾಗ. ಆಮೇಲೆ 1420 ಮೆಗಾಹರ್ಟ್ಜಿನ ಒಂದು ಆಂಪ್ಲಿಫೈಯರ್, ಯುಎಸ್‌ಬಿಗೆ ಸಿಕ್ಕಿಸುವ, ರೇಡಿಯೊ ಅಲೆಯನ್ನು ಕಂಪ್ಯೂಟರಿನಲ್ಲಿ ನೋಡಲು ಬಿಡುವ ಒಂದು ಎಸ್‌ಡಿಆರ್ ರಿಸೀವರ್, ಲ್ಯಾಪ್‌ಟಾಪ್. ಹತ್ತಿರದ ಕಾಲೇಜಿನ ಫಿಸಿಕ್ಸ್ ಮೇಷ್ಟ್ರನ್ನು ಜೊತೆಗೆ ಸೇರಿಸಿಕೊಳ್ಳಿ. ನಾನು ಮೊದಲ ಸಲ ವಿದ್ಯಾರ್ಥಿಗಳ ಜೊತೆ ಟೆರೇಸಿನ ಮೇಲೆ ಕೂತು ಇದನ್ನು ಮಾಡಿದಾಗ ಕೆಲವು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಪರದೆಯ ಮೇಲಿನ ಸಪಾಟು ಗೆರೆಯಲ್ಲಿ ನಿಧಾನಕ್ಕೆ ಒಂದು ದಿಬ್ಬ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಒಂದೊಂದು ದಿಬ್ಬವೂ ಬೇರೆ ಬೇರೆ ವೇಗದಲ್ಲಿ ಓಡುವ ಅನಿಲ. ಯಾರೂ ಮಾತಾಡಲಿಲ್ಲ.

ನಿಮ್ಮ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆಕಾಶವೇ ಕಾಣುವುದಿಲ್ಲ. ಚಿಂತೆ ಬೇಡ, 21 ಸೆಂ.ಮೀ. ಅಲೆ ಮೋಡವನ್ನೂ ದಾಟಿ ಬರುತ್ತದೆ. ಆಗಸ್ಟ್ ಕೊನೆಯಲ್ಲಿ ರಾತ್ರಿ 9ರ ಸುಮಾರಿಗೆ ಕೊಂಬನ್ನು ನೆತ್ತಿಯಿಂದ 17 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿಸಿಡಿ. ನಾವು ಲೆಕ್ಕ ಮಾಡಿದ ಆ 30 ಡಿಗ್ರಿಯ ಜಾಗ ಆಗ ಅಲ್ಲಿರುತ್ತದೆ. ಕೊಂಬಿನ ಬಾಯಿಗೆ ಮಾತ್ರ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ. ಎವೆನ್ ಅವರ ಕೋಣೆಗೆ ನುಗ್ಗಿದ ನೀರು ನಿಮ್ಮ ಲ್ಯಾಪ್‌ಟಾಪಿಗೆ ಬರಬಾರದು.